ಸಾದಗಪ್ಪು

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮೈಬಣ್ಣಕ್ಕೆ ಇದ್ದಷ್ಟು ಶಬ್ದಗಳು ಬೇರೆ ಯಾವುದಕ್ಕೂ ಇರಲಿಲ್ಲ. ತೀರ ಬೆಳ್ಳಗಿದ್ದವಳು ಕೆಂಪು. ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದರೆ ಎಣ್ಣೆಗೆಂಪು. ಆಮೇಲೆ ಗೋಧಿಬಣ್ಣ, ಅದರ ಕೆಳಗೆ ಸಾದಗಪ್ಪು. ಬರೀ ಕಪ್ಪು ಎಂಬುದು ಬೇರೆಯವರ ಮನೆಯ ಹುಡುಗಿಯರಿಗೆ. ಹಲವು ಮನೆಗಳ ನಮ್ಮ ಪುಣೆಯ ವಾಡೆಯಲ್ಲಿ ನೆರೆಯವರು ಮರಾಠಿಯಲ್ಲಿ ‘ಸಾವಳಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅವ್ವನಿಗೆ ಅದು ಸಾಲುತ್ತಿರಲಿಲ್ಲ.

ತಂಗಿ ಸಾದಗಪ್ಪು. ಸಾದು ಎಂದರೆ ಸಾಬುದಾಣಿಯನ್ನು ಕರಿಯಾಗುವ ತನಕ ಹುರಿದು, ನೀರು ಹಾಕಿ ಕುದಿಸಿ, ತೆಂಗಿನ ಚಿಪ್ಪಿನಲ್ಲಿ ಒಣಗಿಸಿಟ್ಟ ಹಣೆಬೊಟ್ಟಿನ ಕಪ್ಪು. ಒದ್ದೆ ಬೆರಳಿನಿಂದ ತೆಳ್ಳಗೆ ಎಳೆದರೆ ಅದರೊಳಗಿಂದ ಕಂದು ಹೊಳಪೊಂದು ಏಳುತ್ತದೆ. ಶಬ್ದ ಅಲ್ಲಿಂದಲೇ ಬಂದಿರಬೇಕೆಂದು ನನ್ನ ಊಹೆ. ಊಹೆಯನ್ನು ಊಹೆಯೆಂದು ಕರೆಯುವುದನ್ನಷ್ಟೇ ನಾನು ಕಾಲೇಜಿನಲ್ಲಿ ಕಲಿತದ್ದು.

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ತಂಗಿಯನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, “ತಿಳಸ್ತೀವ್ರಿ” ಎಂದು ಹೋದವರೇ. ಅವ್ವ ಎಲ್ಲರನ್ನೂ ದೀಪ ಹಚ್ಚುವ ಹೊತ್ತಿಗೇ ಕರೆಸುತ್ತಿದ್ದಳು. ಕಂದೀಲಿನ ಹಳದಿ ಬೆಳಕಿನಲ್ಲಿ ಸಾದಗಪ್ಪು ಎಣ್ಣೆಗೆಂಪಾಗಿ ಕಾಣುತ್ತದೆಂದು ಅವಳ ನಂಬಿಕೆ. ಆದರೆ ದೌಂಡದಿಂದ ನೋಡಲು ಬರುವವರು ಸಂಜೆಯ ಗಾಡಿಗೆ ಮರಳಬೇಕಾಗಿತ್ತು. ವರನಿಗೆ ರೈಲ್ವೆಯಲ್ಲಿ ಕೆಲಸ. ನಡುಮಧ್ಯಾಹ್ನ ಬಂದರು. ಅಂಗಳದ ಬಿಸಿಲು ಚಾಪೆಯ ತನಕ ಬಿದ್ದಿತ್ತು.

“ಎಣ್ಣೆಗೆಂಪು ಅಂತ ಹೇಳಿ ಕಳಿಸಿದ್ರಲ್ರಿ?” ಎಂದರು ವರನ ಸೋದರತ್ತೆ.

“ಹೌದ್ರಿ. ಈಗ ಬಿಸಲಾಗ ನೀರಿಗೆ ಹೋಗಿ ಬಂದಾಳ, ಸ್ವಲ್ಪ ಬಾಡ್ಯಾಳ,” ಎಂದಳು ಅವ್ವ.

“ನಮ್ಮ ದೌಂಡದಾಗ ಬಿಸಲು ಇನ್ನೂ ಭಾಳ ಅದರಿ. ಅಲ್ಲಿಗೆ ಬಂದಮ್ಯಾಲೆ ಏನ ಉಳೀತದ?”

ವರ ನಕ್ಕ. ತಂಗಿ ತಲೆಯೆತ್ತಿ, “ನಾ ಸಾದಗಪ್ಪು ಇದ್ದೀನ್ರಿ. ಬಿಸಲಿಗೆ ಬಂದ ಬಣ್ಣಲ್ಲ, ಹುಟ್ಟಿದ ಬಣ್ಣ,” ಎಂದಳು.

ಹಾಗೆಂದಳೆಂದು ನನ್ನ ನೆನಪು. ಈಗ ಕೇಳಿದರೆ, “ನಾ ಬಾಯೇ ತಗದಿಲ್ಲ ಅಣ್ಣಾ. ನೀ ಮನಸಿನಾಗ ಅಂದ್ಕೊಂಡಿದ್ದು ನನ್ನ ಬಾಯಾಗ ಹಾಕೀದಿ,” ಎನ್ನುತ್ತಾಳೆ. ಇರಬಹುದು. ಆಗಿನ ಅವಳ ಬಣ್ಣವೇ ನನಗೆ ಸರಿಯಾಗಿ ಕಣ್ಣ ಮುಂದೆ ಬರುವುದಿಲ್ಲ. ಶಬ್ದವೊಂದು ಬರುತ್ತದೆ, ಅದನ್ನೇ ಬಣ್ಣವೆಂದು ನಂಬಿಕೊಂಡಿದ್ದೇನೆ. ಆದರೆ ಮುಂದಿನದರ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ.

ಆ ವಾರವೇ ಸಂಬಂಧ ತಂದಿದ್ದ ಅಪ್ಪನ ಸ್ನೇಹಿತರು ಬಾಗಿಲಿನಿಂದಲೇ ಕೂಗಿದರು: “ಒಪ್ಪ್ಯಾರ್ರೀ! ಹುಡುಗಿ ಕಪ್ಪದಾಳ, ಆದ್ರ ಲಕ್ಷಣ ಅದಾಳ, ನಮಗ ನಡೀತದ ಅಂದ್ರು.”

ಅಪ್ಪ ಕೈ ಮುಗಿದರು. ಅವ್ವ ಸಕ್ಕರೆ ತರಲು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಒಲೆಯ ಹತ್ತಿರ ತಂಗಿ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಬೇಡವೆಂದು ಹೋದವರಿಗಾಗಿ ಅವಳು ಎಂದೂ ಅತ್ತವಳಲ್ಲ. ಅವರಲ್ಲಿ ಯಾರೂ ಕಪ್ಪು ಎಂಬ ಶಬ್ದವನ್ನು ಆಡಿರಲಿಲ್ಲ.

“ಒಪ್ಪ್ಯಾರಲ್ಲ, ಹುಚ್ಚಿ. ಇನ್ನ ಕಪ್ಪು ಅಂದ್ರೇನು, ಕೆಂಪು ಅಂದ್ರೇನು?” ಎಂದಳು ಅವ್ವ.

“ಹಂಗಾರ ಇಷ್ಟು ವರ್ಷ ಅಷ್ಟೊಂದು ಹೆಸರು ಯಾಕ ಹುಡುಕಿದಿ ಅವ್ವಾ?”

ಅವ್ವ ಬಟ್ಟಲಿಗೆ ಸಕ್ಕರೆ ಸುರಿದಳು. ಹೊರಗಿನಿಂದ ಅಪ್ಪ, “ಹೂಂ ಅಂತ ಹೇಳ್ಲೇನು?” ಎಂದು ಕೇಳಿದರು.

ತಂಗಿ ಮುಖ ಒರೆಸಿಕೊಂಡಳು. “ಹೇಳ್ರಿ,” ಎಂದಳು. “ಬಂದವರ ಮುಂದ ಕೂತು ಕೂತು ಸಾಕಾಗೇದ.”