ಭಾವನ ಕಾರಿಗೆ ನಾನು ಹಾಕಿದ ಹಲ್ಲು

ತಪ್ಪು ಯಾರದ್ದು ಅಂತ ಯಾರೂ ಹುಡುಕೋದು ಬೇಡ. ನನ್ನದೇ. ಭಾವ ಈಗ ಕಾರು ಓಡಿಸುವುದಿಲ್ಲ, ಇನ್ನು ಮೇಲೆ ಓಡಿಸುವುದೂ ಇಲ್ಲ. ಮಂಡಿ ಸವೆದದ್ದು ಕಾರಣ ಅಂತ ಡಾಕ್ಟರು ಹೇಳ್ತಾರೆ. ವಯಸ್ಸಾಯ್ತಲ್ಲ ಅಂತ ಅಕ್ಕ ಹೇಳ್ತಾಳೆ, ಅದೂ ನನ್ನ ಮುಖ ನೋಡಿ ಪಾಪ ಅನ್ನಿಸಿ ಹೇಳೋದು. ಅವರಿಬ್ಬರೂ ಏನು ಬೇಕಾದರೂ ಹೇಳಲಿ. ಆ ಕಾರಿನ ಹಿಂದಿನ ಆಕ್ಸಲ್ ಬಿಚ್ಚಿ ಒಳಗೆ ಬೇರೆ ಹಲ್ಲುಚಕ್ರ ಕೂರಿಸಿದವನು ನಾನು, ಭಾವ ಬೇಡ ಅಂದದ್ದನ್ನೇ ಕೂರಿಸಿದವನು.

ನರಸಿಂಹರಾಜಪುರದಲ್ಲಿ ನನ್ನದೊಂದು ಗ್ಯಾರೇಜು. ಹಳೇ ಗಾಡಿಗಳಿಗೆ ಮಾತ್ರ ಕೈ ಹಾಕ್ತೀನಿ. ಈಗಿನ ಕಾರುಗಳಿಗೆ ಕಂಪ್ಯೂಟರ್ ಚುಚ್ಚಿ ನೋಡಬೇಕಂತೆ, ಅದು ನನ್ನ ಹಣೆಯಲ್ಲಿ ಬರೆದಿಲ್ಲ. ಭಾವ ಅಂದರೆ ನನ್ನ ಅಕ್ಕನ ಗಂಡ. ಅವರ ಮನೆ ಶೃಂಗೇರಿ ದಾಟಿ ಕೆರೆಕಟ್ಟೆ ಕಡೆ. ಅವರ ಹತ್ರ ಒಂದು ಬಿಳಿ ಅಂಬಾಸಿಡರ್, ಗೇರಿನ ಕಡ್ಡಿ ಸ್ಟೇರಿಂಗಿಗೇ ಅಂಟಿಕೊಂಡಿರುವ ಹಳೇ ಕಾಲದ್ದು. ಆ ಕಡೆ ಬಸ್ಸು ಲೆಕ್ಕಕ್ಕೆ ಒಂದೋ ಎರಡೋ. ಹೆರಿಗೆ ನೋವು ಬಂದವರು, ಜ್ವರ ಬಂದವರು, ಪರೀಕ್ಷೆಗೆ ಹೊರಟ ಮಕ್ಕಳು, ಎಲ್ಲರೂ ಒಂದಲ್ಲ ಒಂದು ದಿನ ಅದರಲ್ಲಿ ಕೂತವರೇ. ಭಾವನಿಗೆ ಎಡಮಂಡಿ ಕೈಕೊಟ್ಟು ಸುಮಾರು ವರ್ಷ ಆಯ್ತು. ಅಂಗಳ ದಾಟಬೇಕಾದರೆ ಗೋಡೆ ಹಿಡಿಯಬೇಕು. ಆದರೆ ಸ್ಟೇರಿಂಗ್ ಹಿಂದೆ ಕೂತರೆ ಅವರು ಕುಂಟ ಅಲ್ಲ. "ಇದೊಂದು ಬಿಟ್ಟರೆ ನನ್ನನ್ನು ಅಟ್ಟಕ್ಕೆ ಹಾಕಿದ ಹಾಗೆ ಮಾರಾಯ" ಅಂತ ನನ್ನ ಹತ್ರ ಎಷ್ಟೋ ಸಲ ಹೇಳಿದ್ದರು.

ನಮ್ಮಲ್ಲಿ ಭಾವ-ಭಾವಮೈದ ಅಂದರೆ ತಮಾಷೆ ಮಾಡಲೇಬೇಕು. ಮಾಡದಿದ್ದರೆ ಏನೋ ಮನಸ್ತಾಪ ಅಂತ ನೆಂಟರು ಗುಸುಗುಸು ಶುರು ಮಾಡ್ತಾರೆ. ಕೊಪ್ಪದಲ್ಲಿ ಒಂದು ಗೃಹಪ್ರವೇಶ. ಭಾವ ನೆಲದ ಪಂಕ್ತಿಗೆ ಕೂರಲಾಗದೆ ಮೂಲೆಯಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತರು. ನಾನು ಸುಮ್ಮನಿರಬೇಕಿತ್ತಲ್ಲ? ಎಲೆಯ ಮುಂದಿನಿಂದಲೇ ಕೂಗಿದೆ. "ಭಾವನ ಎಡಗಾಲಿಗೆ ರಿಟೈರ್‌ಮೆಂಟ್ ಆಯ್ತು, ಬಲಗಾಲು ಮಾತ್ರ ಸರ್ವಿಸಲ್ಲಿ ಇರೋದು! ಅರ್ಧ ಊಟ ಬಡಿಸಿ ಸಾಕು!" ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. "ನಿನ್ನ ತಲೆ ಯಾವಾಗಲೋ ರಿಟೈರ್ ಆಗಿದೆ, ಮೊದಲು ಅದಕ್ಕೆ ಪೆನ್ಷನ್ ಮಾಡಿಸು" ಅಂತ ಭಾವನೂ ತಿರುಗಿಸಿ ಕೊಟ್ಟರು. ಲೆಕ್ಕ ಚುಕ್ತಾ ಆಯ್ತು ಅಂತ ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ಕಾರಿನ ಹಿಂಭಾಗ ಕೂಗೋಕೆ ಶುರುವಾಯ್ತು. ಭಾವ ಹೇಗೋ ನನ್ನ ಗ್ಯಾರೇಜಿನವರೆಗೆ ತಂದರು. ಬಿಚ್ಚಿ ನೋಡಿದರೆ ಕ್ರೌನ್ ಚಕ್ರದ ಹಲ್ಲು ಮೂರು ಕಡೆ ಮುರಿದಿದೆ. ಇಂಜಿನ್ನಿಂದ ಬರುವ ಉದ್ದ ಶಾಫ್ಟಿನ ತುದಿಗೆ ಪಿನಿಯನ್ ಅಂತ ಒಂದು ಸಣ್ಣ ಹಲ್ಲುಚಕ್ರ, ಅದು ಕಚ್ಚಿಕೊಂಡು ತಿರುಗಿಸುವ ದೊಡ್ಡ ಚಕ್ರವೇ ಕ್ರೌನ್. ಎರಡೂ ಜೋಡಿ, ಬದಲಾಯಿಸಿದರೆ ಒಟ್ಟಿಗೇ ಬದಲಾಯಿಸಬೇಕು. ಭಾವನ ಕಾರಿನಲ್ಲಿದ್ದ ಜೋಡಿಯಲ್ಲಿ ಶಾಫ್ಟ್ ಹತ್ತಿರ ಹತ್ತಿರ ಐದು ಸುತ್ತು ತಿರುಗಿದರೆ ಟೈರು ಒಂದು ಸುತ್ತು. ನಿಧಾನ, ಆದರೆ ಏರಿನಲ್ಲಿ ಎತ್ತಿನ ಹಾಗೆ ಎಳೀತದೆ. ನನ್ನ ಶೆಲ್ಫಿನಲ್ಲಿ ಇನ್ನೊಂದು ಜೋಡಿ ಇತ್ತು, ಇದೇ ಕಾರಿನ ಆಮೇಲಿನ ದೊಡ್ಡ ಇಂಜಿನ್ನಿನ ಮಾಡೆಲ್ಲಿನದ್ದು. ಅದರಲ್ಲಿ ನಾಲ್ಕೇ ಸುತ್ತಿಗೆ ಟೈರು ಒಂದು ಸುತ್ತು. ಸಮ ರಸ್ತೆಯಲ್ಲಿ ಸದ್ದಿಲ್ಲದೆ ಓಡ್ತದೆ, ಏರು ಬಂದರೆ ಮಾತ್ರ ಸುಸ್ತು, ಗೇರು ಇಳಿಸಬೇಕು. ಒಂದು ಚೂರು ತುಕ್ಕಿಲ್ಲದೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದೆ. ಯಾವ ಪುಣ್ಯಾತ್ಮನ ಕಾರಿಗೆ ಹಾಕಲಿ ಅಂತ ಕಾಯ್ತಾ ಇದ್ದೆ.

"ಮುಂಚೆ ಇದ್ದ ಲೆಕ್ಕದ್ದೇ ಹಾಕು" ಅಂದರು ಭಾವ.

"ಆ ಲೆಕ್ಕದ್ದು ಈಗೆಲ್ಲಿ ಸಿಗ್ತದೆ ಭಾವ? ಇದು ನೋಡಿ, ಹೊಸದರ ಹಾಗೆ ಇದೆ. ಕಾರು ಬೆಣ್ಣೆ ಹಾಗೆ ಹೋಗ್ತದೆ."

"ನಂಗೆ ಬೆಣ್ಣೆ ಬೇಡ ಮಾರಾಯ. ಹುಡುಕು. ಒಂದು ತಿಂಗಳು ಹೋದರೂ ಅಡ್ಡಿಲ್ಲ, ಅದೇ ಬೇಕು."

ಯಾಕೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮುದುಕರಿಗೆ ಹಳೇದರ ಮೇಲೆ ಮೋಹ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಗಾಡಿ ವಿಷಯದಲ್ಲಿ ಇನ್ನೊಬ್ಬರು ನನಗೆ ಹೇಳಿದರೆ ಮೈ ಉರೀತದೆ. ಹೊಟ್ಟೆನೋವಿಗೆ ಔಷಧಿ ಯಾವುದು ಅಂತ ಡಾಕ್ಟರಿಗೆ ಹೇಳ್ತಾರಾ ಇವರು? ಬಸ್ಸಿನಲ್ಲಿ ಅವರನ್ನು ಊರಿಗೆ ಕಳಿಸಿ, ಹುಡುಕುವ ಶಾಸ್ತ್ರಕ್ಕೆ ಎರಡು ಫೋನ್ ಮಾಡಿ, ಮೂರನೇ ದಿನ ನನ್ನ ಶೆಲ್ಫಿನ ಜೋಡಿಯನ್ನೇ ಕೂರಿಸಿದೆ.

ಕೆಲಸ ಮಾತ್ರ ಚೊಕ್ಕ ಮಾಡಿದೆ, ಅದನ್ನೂ ಹೇಳಿಬಿಡ್ತೀನಿ. ಹಲ್ಲು ಹಲ್ಲಿಗೆ ಸರಿಯಾಗಿ ಕಚ್ಚುತ್ತಾ ಅಂತ ನೋಡೋಕೆ ಪೇಟೆ ಕಡೆಯವರು ಎಂತದೋ ಬಣ್ಣ ಹಚ್ತಾರಂತೆ, ನಾನು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವವನು. ತಿರುಗಿಸಿದಾಗ ಪ್ರತಿ ಹಲ್ಲಿನ ನಡುಮಧ್ಯೆ ಕುಂಕುಮ ಅಳಿಸಿದ ಗುರುತು ಬರಬೇಕು. ಬಂತು, ಒಂದು ಕೂದಲಷ್ಟೂ ಆಚೀಚೆ ಇಲ್ಲ. ಆಮೇಲೆ ಮುತ್ತಿನಕೊಪ್ಪದ ಕಡೆಗೆ ಟ್ರಯಲ್ ಹೊರಟೆ. ನನ್ನ ಗ್ಯಾರೇಜಿನ ಎಲ್ಲಾ ಗಾಡಿಗೂ ಅದೇ ರಸ್ತೆ, ಅಲ್ಲಿ ಓಡಿದರೆ ಪಾಸು. ಕಾರು ಟಾಪ್ ಗೇರಿನಲ್ಲಿ ಏನು ಹೋಯ್ತು ಅಂತೀರಿ! ಗಡಿಯಾರದ ಸದ್ದು ಕೇಳುವಷ್ಟು ಮೌನ. ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಆ ಕಾರು ಓಡಬೇಕಾದ ರಸ್ತೆ ಮುತ್ತಿನಕೊಪ್ಪದ್ದಲ್ಲ, ಕೆರೆಕಟ್ಟೆಯದ್ದು ಅನ್ನುವುದು ಈ ಮಂಡೆಗೆ ಹೊಳೆಯಲಿಲ್ಲ.

ಭಾವ ಬಂದು ಕಾರು ತಗೊಂಡು ಹೋದರು. ಕೀ ಕೊಡುವಾಗಲೇ "ನಾಲ್ಕು ಸುತ್ತಿನದ್ದೇ ಹಾಕಿದೀನಿ, ಓಡಿಸಿ ನೋಡಿ, ಆಮೇಲೆ ನನಗೆ ಕೈ ಮುಗೀತೀರಿ" ಅಂದೆ. ಬೈಯುತ್ತಾರೆ ಅಂದುಕೊಂಡೆ, ಅವರು ಕೀ ತಗೊಂಡು ಹೊರಟರು. ಮಾರನೇ ದಿನ ಫೋನ್ ಮಾಡಿ ಕೇಳಿದೆ. "ಅಡ್ಡಿಲ್ಲ" ಅಂದರು. ವಾರ ಬಿಟ್ಟು ಕೇಳಿದೆ. ಆಗಲೂ "ಅಡ್ಡಿಲ್ಲ". ನಮ್ಮ ಕಡೆ ಅಡ್ಡಿಲ್ಲ ಅಂದರೆ ಚೆನ್ನಾಗಿದೆ ಅಂತಲೂ ಆಗ್ತದೆ, ಸಾಯ್ತಾ ಇದೀನಿ ಅಂತಲೂ ಆಗ್ತದೆ. ನಾನು ನನಗೆ ಬೇಕಾದ್ದನ್ನು ತಗೊಂಡೆ.

ಮೂರು ತಿಂಗಳಾಗಿರಬಹುದು, ಅಕ್ಕನ ಫೋನ್ ಬಂತು. "ತಮ್ಮಾ, ನಿನ್ನ ಭಾವನ ಮಂಡಿ ಕುಂಬಳಕಾಯಿ ಹಾಗೆ ಊದಿಕೊಂಡಿದೆ. ಕಾರಿಂದ ಇಳಿಯುವಾಗ ಕಾಲನ್ನು ನಾನೇ ಎತ್ತಿ ಹೊರಗೆ ಇಡಬೇಕು. ಓಡಿಸಬೇಡಿ ಅಂದ್ರೆ ಕೇಳೋದಿಲ್ಲ. ನಿನಗೆ ಹೇಳಬೇಡ ಅಂದಿದಾರೆ. ನೀನು ಸುಮ್ಮನೆ ಬಂದವನ ಹಾಗೆ ಒಂದ್ಸಲ ಬಾ."

ಬಸ್ಸಿನಲ್ಲಿ ಶೃಂಗೇರಿಗೆ ಹೋದೆ. ಬಸ್‌ಸ್ಟ್ಯಾಂಡಿಗೆ ಭಾವನೇ ಕಾರು ತಂದಿದ್ದರು. ನಾನು ಓಡಿಸ್ತೀನಿ ಅಂದರೆ "ಕೂತ್ಕೋ, ನನ್ನ ಕಾರಿಗೆ ನಾನಿದೀನಿ" ಅಂದರು. ಪಕ್ಕದಲ್ಲಿ ಕೂತೆ. ನೆಮ್ಮಾರು ದಾಟಿ ರಸ್ತೆ ಏರೋಕೆ ಶುರುವಾದ ಮೇಲೆ ನೋಡಿದೆ, ಅಯ್ಯೋ ದೇವರೇ. ಒಂದು ತಿರುವು ಬಂತು, ಇಂಜಿನ್ ಉಸಿರು ಕಟ್ಟಿತು, ಗೇರು ಇಳಿಸಬೇಕು. ಗೇರು ಇಳಿಸಬೇಕಾದರೆ ಕ್ಲಚ್ ಒತ್ತಬೇಕು. ಕ್ಲಚ್ ಒತ್ತೋ ಎಡಗಾಲು ತಾನಾಗಿ ಏಳುವುದಿಲ್ಲ. ಭಾವ ಎಡಗೈಯಲ್ಲಿ ಪ್ಯಾಂಟಿನ ಬಟ್ಟೆ ಹಿಡಿದು ತೊಡೆಯನ್ನೇ ಎತ್ತಿ ಪೆಡಲಿನ ಮೇಲೆ ಇಟ್ಟರು, ಹಲ್ಲು ಕಚ್ಚಿ ಒತ್ತಿದರು, ಅದೇ ಕೈಯನ್ನು ಗೇರಿಗೆ ತಂದರು. ಇನ್ನೊಂದು ತಿರುವಿಗೆ ಮತ್ತೆ ಅದೇ. ಅದರಾಚೆಯ ತಿರುವಿಗೂ ಅದೇ. ಹಳೇ ಜೋಡಿ ಇದ್ದಾಗ ಬುಡದಲ್ಲಿ ಒಂದು ಸಲ ಗೇರು ಹಾಕಿದರೆ ಮೇಲೆ ಬರುವವರೆಗೂ ಎಳೆದುಕೊಂಡು ಬರ್ತಿದ್ದ ಕಾರು ಅದು.

ಒಂದು ಕಡಿದಾದ ತಿರುವಿನಲ್ಲಿ ಎದುರಿಂದ ಜೀಪು ಬಂತು. ಭಾವ ನಿಧಾನ ಮಾಡಿದರು, ಕಾಲು ಎತ್ತಿ ಇಟ್ಟರು, ಕೈ ಗೇರಿಗೆ ಹೋಯ್ತು. ಅಷ್ಟರಲ್ಲಿ ಕಾಲು ಪೆಡಲಿನಿಂದ ಜಾರಿತು. ಇಂಜಿನ್ ಧಡಕ್ಕಂತ ನಿಂತು ಕಾರು ಹಿಂದಕ್ಕೆ ಹೊರಟಿತು. ಬ್ರೇಕು ಹಿಡಿಯುವುದರೊಳಗೆ ಹಿಂದಿನ ಟೈರು ಚರಂಡಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಜೀಪಿನವರು ಇಳಿದು ಬಂದರು, ಎಲ್ಲಾ ಗುರುತಿನವರೇ. "ಎಂತ ಆಯ್ತು ನಿಮಗೆ, ಈ ರಸ್ತೆಯಲ್ಲಿ ಕಣ್ಣು ಕಟ್ಟಿ ಓಡಿಸುವವರು ನೀವು" ಅಂತ ಒಬ್ಬ ನಕ್ಕ. ಭಾವ ಇಳಿದು, ಬಾನೆಟ್ ಹಿಡಿದುಕೊಂಡು ಮುಂದಿನಿಂದ ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು, "ನೀನು ಆ ಕಡೆ ಹೋಗು" ಅಂದರು.

ಮನೆಯಲ್ಲಿ ಅಕ್ಕ ಕಾಫಿ ಕೊಟ್ಟಳು. ಅದನ್ನು ಪಕ್ಕಕ್ಕಿಟ್ಟೆ. "ಕಾಲಿಗೆ ಕಷ್ಟ ಅಂತ ಒಂದು ಮಾತು ಹೇಳಬಾರದಿತ್ತಾ ಭಾವ? ಅದಕ್ಕೇ ಹಳೇ ಜೋಡಿ ಬೇಕು ಅಂತ ಹೇಳಿದ್ದರೆ ನಾನು ಪಾತಾಳದಿಂದಾದರೂ ತರ್ತಿದ್ದೆ" ಅಂತ ಕೂಗಾಡಿದೆ. ನನಗೆ ಸಂಕಟ ಆದರೂ ಕೂಗಾಟವೇ ಬರೋದು, ಎಂಥ ಜನ್ಮವೋ.

ಭಾವ ಮೆಲ್ಲಗೆ ಹೇಳಿದರು. "ಹೇಳಿದ್ರೆ ಮುಂದಿನ ಊಟದ ಮನೆಯಲ್ಲಿ ಅದೂ ಒಂದು ಹಾಡಾಗ್ತಿತ್ತಲ್ಲ ಮಾರಾಯ."

ಸಿಟ್ಟಿನಲ್ಲಿ ಹೇಳಿದ್ದರೆ ಜಗಳ ಆಡಬಹುದಿತ್ತು. ಅವರಿಗೆ ಸಿಟ್ಟಿರಲಿಲ್ಲ. ಮಗ್ಗುಲಲ್ಲಿ ನಿಂತಿದ್ದ ಅಕ್ಕ ಒಳಗೆ ಹೋದಳು. ನಾನು ಆ ಗೃಹಪ್ರವೇಶದ ದಿನ ಕೂಗಿದ್ದನ್ನು ಮರೆತೇ ಬಿಟ್ಟಿದ್ದೆ. ನಗು ಅಲ್ಲಿಗೇ ಮುಗೀತು ಅಂದುಕೊಂಡಿದ್ದೆ. ಈ ಮನುಷ್ಯ ಅದನ್ನು ಮೂರು ತಿಂಗಳು ಪ್ರತಿ ತಿರುವಿನಲ್ಲೂ ನುಂಗಿದ್ದಾರೆ. ನನ್ನ ನಾಲಿಗೆಗೆ ಹೆದರಿ ಅವರು ಮಂಡಿ ಕಳಕೊಂಡರು. ಇದಕ್ಕಿಂತ ಕೀಳು ಇನ್ನೇನಿದೆ ಹೇಳಿ.

ಐದು ಸುತ್ತಿನ ಜೋಡಿ ಹುಡುಕಿಕೊಂಡು ಹೊರಟೆ. ಕೊಪ್ಪದ ಗ್ಯಾರೇಜುಗಳಲ್ಲಿ ಇಲ್ಲ. ತೀರ್ಥಹಳ್ಳಿಯಲ್ಲಿ ಇಲ್ಲ. ಕೊನೆಗೆ ಶೆಟ್ಟಿಕೊಪ್ಪದಲ್ಲಿ ಒಬ್ಬರ ಕೊಟ್ಟಿಗೆಯ ಹಿಂದೆ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಅರ್ಧ ಹೂತು ನಿಂತ ಹಳೇ ಕಾರಿನಲ್ಲಿ ಸಿಕ್ಕಿತು. ಸಿಗದೇ ಏನು? ನನ್ನ ಗ್ಯಾರೇಜಿನಿಂದ ಬೈಕಿನಲ್ಲಿ ಹೋಗಿ ಬರುವಷ್ಟು ದೂರ. ಹುಡುಕುವ ಮನಸ್ಸಿದ್ದರೆ ಮೊದಲ ವಾರವೇ ಸಿಕ್ಕುತ್ತಿತ್ತು. ಅದನ್ನು ಬಿಚ್ಚಿಕೊಂಡು ಭಾವನ ಅಂಗಳಕ್ಕೇ ಹೋಗಿ ಎರಡು ದಿನ ಕಾರಿನಡಿ ಮಲಗಿ ಕೂರಿಸಿದೆ. ಭಾವ ಜಗಲಿಯಲ್ಲಿ ಕೂತು ನೋಡ್ತಿದ್ದರು. ಸ್ಪ್ಯಾನರ್ ಕೇಳಿದರೆ ಯಾವ ಸೈಜು ಅಂತ ಅಕ್ಕನಿಗೆ ಅವರೇ ಹೇಳಿ ಕೊಡಿಸ್ತಿದ್ದರು.

ಕೆಲಸ ಮುಗಿದ ಮಾರನೇ ದಿನ ಮಂಡಿ ತೋರಿಸೋಕೆ ಶೃಂಗೇರಿಗೆ ಹೋದೆವು. ನಾನು ಸ್ಟೇರಿಂಗಿಗೆ, ಭಾವ ಪಕ್ಕಕ್ಕೆ, ಅಕ್ಕ ಹಿಂದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಒತ್ತಿ ಒತ್ತಿ ಉಳಿದಿದ್ದ ಸ್ವಲ್ಪವೂ ಹೋಗಿದೆ, ಇನ್ನು ಕ್ಲಚ್ ಪೆಡಲಿನ ಹೆಸರೆತ್ತಬೇಡಿ ಅಂದರು. ಆಪರೇಷನ್ ಮಾಡಿಸಿದರೆ ಅಂತ ನಾನು ಬಾಯಿ ಹಾಕಿದೆ. ನಡೆಯೋಕೆ ಅನುಕೂಲ ಆದೀತು, ಓಡಿಸುವ ಆಸೆ ಇಟ್ಟುಕೊಳ್ಳಬೇಡಿ ಅಂದರು. ಭಾವ ಆಯ್ತು ಅಂತ ತಲೆ ಆಡಿಸಿ ಎಕ್ಸ್‌ರೇಯನ್ನು ಕವರಿಗೆ ತುಂಬಿದರು.

ವಾಪಸು ಬರುವಾಗ ನೆಮ್ಮಾರು ದಾಟಿ ಏರಿನ ಬುಡದಲ್ಲಿ ಒಂದು ಸಲ ಕ್ಲಚ್ ಒತ್ತಿ ಮೂರನೇ ಗೇರಿಗೆ ಹಾಕಿದೆ. ಕಾರು ಏರಿತು. ಮೊದಲ ತಿರುವು ಹೋಯ್ತು, ಎರಡನೆಯದು ಹೋಯ್ತು, ನಾವು ಚರಂಡಿಗೆ ಇಳಿದಿದ್ದ ತಿರುವೂ ಹೋಯ್ತು. ಇಂಜಿನ್ ಒಂದೇ ಸ್ವರದಲ್ಲಿ ಎಳೀತಾ ಇತ್ತು, ನನ್ನ ಎಡಗಾಲಿಗೆ ಕೆಲಸವೇ ಇರಲಿಲ್ಲ. ಭಾವ ರಸ್ತೆ ನೋಡ್ತಾ ಇಲ್ಲ, ಬಗ್ಗಿ ನನ್ನ ಆ ಕಾಲನ್ನೇ ನೋಡ್ತಾ ಇದ್ದಾರೆ ಅಂತ ಗೊತ್ತಾದದ್ದು ಮೇಲೆ ಬಂದ ಮೇಲೆ.

"ಒಂದು ಸಲನೂ ಒತ್ತಲಿಲ್ಲ ನೋಡು ನೀನು" ಅಂದರು. "ಇಷ್ಟೇ ಮಾರಾಯ ನಾನು ಕೇಳಿದ್ದು."