ಅಂಬತ್ತೂರಿನಿಂದ ಬರೆದ ಪ್ರಾರ್ಥನಾಪತ್ರ

ರೈಲಿಳಿದು ಮದ್ರಾಸಿನ ಅಂಬತ್ತೂರಿಗೆ ಬಂದ ಬೆಳಿಗ್ಗೆ, ಒಂದು ಚಹಾದಂಗಡಿಯ ನೆತ್ತಿಯ ಮೇಲೆ ನಾನೇ ನಿಂತಿದ್ದೆ. ಎಂಟಡಿ ಎತ್ತರ. ಮೈಮೇಲೆ ನನ್ನದಲ್ಲದ ಬಿಳಿ ಕೋಟು, ಎಡಕ್ಕೊಂದು ಸಿಂಹ, ಬಲಕ್ಕೊಂದು ಪಾರಿವಾಳ, ಬೆನ್ನ ಹಿಂದೆ ಧಗಧಗ ಬೆಂಕಿ. ಮುಖ ಮಾತ್ರ ನನ್ನದು. ಹಲ್ಲುನೋವಿದ್ದ ದಿನ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೋವನ್ನೇ ಅಷ್ಟು ದೊಡ್ಡದು ಮಾಡಿ ಫ್ಲೆಕ್ಸ್ ಕಟ್ಟಿಸಿದ್ದರು. ಕೆಳಗಿನ ತಮಿಳು ಅಕ್ಷರ ಆಗ ನನಗೆ ಬರುತ್ತಿರಲಿಲ್ಲ. ಆಟೋದವನನ್ನು ಕೇಳಿದೆ.

"ಕರ್ನಾಟಕಾವಿನ್ ಅಕ್ಕಿನಿ ಜುವಾಲೈ" ಎಂದು ಓದಿ, ಫ್ಲೆಕ್ಸನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಅದು ನೀಂಗಳಾ ಸಾರ್?" ಎಂದ.

ಕರ್ನಾಟಕದ ಅಗ್ನಿಜ್ವಾಲೆ! ಆ ಹೊತ್ತಿನಲ್ಲಿ ಜ್ವಾಲೆಯ ಕೊರಳಲ್ಲಿ ಮಫ್ಲರ್ ಇತ್ತು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಜೇಬಿನಲ್ಲಿ ಆಮ್ಲಪಿತ್ತದ ಗುಳಿಗೆ. ನನ್ನ ಹೆಂಡತಿ ಸುಗುಣಾ ಒಂದು ಮಾತೂ ಬಿಡುವವಳಲ್ಲ. "ಕಿವಿ ಮುಚ್ಚಿಕೊಳ್ರಿ, ಜ್ವಾಲಿ ಗಾಳಿಗೆ ಆರಿ ಹೋದೀತು" ಎಂದಳು.

ಫ್ಲೆಕ್ಸ್ ಕಟ್ಟಿಸಿದವರು ಪಾಸ್ಟರ್ ದೇವಸಹಾಯಂ. ಅಂಬತ್ತೂರಿನಲ್ಲಿ ದೊಡ್ಡದೊಂದು ತಮಿಳು ಕ್ರೈಸ್ತ ಸಭೆ ನಡೆಸುವವರು, ನಮ್ಮನ್ನು ಇಲ್ಲಿ ನೋಡಿಕೊಳ್ಳುವ ಹೊಣೆ ಹೊತ್ತವರು. ನನ್ನ ಕೆಲಸ ಇಷ್ಟು: ಕಾರ್ಖಾನೆ, ಅಂಗಡಿ, ಆಸ್ಪತ್ರೆ ಎಂದು ಇಲ್ಲಿ ಬಂದು ನೆಲೆಸಿದ ಕನ್ನಡಿಗರ ನಡುವೆ ಒಂದು ಕನ್ನಡ ಸಭೆಯನ್ನು ಹುಟ್ಟುಹಾಕುವುದು. ಬೆಟಗೇರಿಯ ನಮ್ಮ ಮಿಷನ್ ಸಮಿತಿ ಅದಕ್ಕೆಂದೇ ಐವತ್ತೆರಡರ ವಯಸ್ಸಿನಲ್ಲಿ ನನ್ನನ್ನು ಆರಿಸಿ ಕಳಿಸಿತು. ಆರಿಸಿತು ಎಂಬುದು ನನ್ನ ಮಾತು. ಬೇರೆ ಯಾರೂ ಒಪ್ಪಲಿಲ್ಲ ಎಂಬುದು ಸುಗುಣಾಳ ಮಾತು.

ಬೆಟಗೇರಿಯಲ್ಲಿ ನಾವು ಬೆಂಚಿನ ಮೇಲೆ ಕೂತು, ಹಾರ್ಮೋನಿಯಂ ಎಷ್ಟು ಎಳೆದರೆ ಅಷ್ಟೇ ಎಳೆದು ಕೀರ್ತನೆ ಹಾಡುವವರು. ಪ್ರಸಂಗ ಇಪ್ಪತ್ತು ನಿಮಿಷ ದಾಟಿದರೆ ಹಿರಿಯರು ಕೆಮ್ಮುತ್ತಾರೆ. ಇಲ್ಲಿ ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂರುತ್ತಾರೆ, ಮೂರು ತಾಸು ಆರಾಧನೆ, ಎದೆಗೂಡು ನಡುಗುವಂಥ ಡ್ರಮ್ಮು. ದೇವರ ಸೇವೆಗೆ ಇಲ್ಲಿ ಊಳಿಯಂ ಎನ್ನುತ್ತಾರೆ. "ಊಳಿಯಂ ಎಪ್ಪಡಿ ಪೋಗುದು, ಪಾಸ್ಟರ್?" ಎಂದು ಎದುರು ಸಿಕ್ಕವರೆಲ್ಲ ಕೇಳುತ್ತಿದ್ದರು. ಸೇವೆ ಹೇಗೆ ನಡೆದಿದೆ ಎಂದು. ನಮ್ಮ ಕಡೆ ಸಭಾಪಾಲಕನನ್ನು ಹಾಗೆ ದಾರಿಯಲ್ಲಿ ನಿಲ್ಲಿಸಿ ಯಾರೂ ಕೇಳುವುದಿಲ್ಲ. ಹಿಂದಿನಿಂದ ತಾವೇ ಹೇಳಿಕೊಳ್ಳುತ್ತಾರೆ. ಯಾವುದು ಮೇಲು ಎಂದು ನನಗಿನ್ನೂ ತಿಳಿದಿಲ್ಲ.

ಮನೆ ಸಿಕ್ಕಿದ ಬಗೆಯೂ ವಿಚಿತ್ರ. ಮಾಲೀಕರು ನರಸಿಂಹಾಚಾರ್, ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದ ವೈಷ್ಣವರು, ಬ್ಯಾಂಕಿನಿಂದ ನಿವೃತ್ತರಾದವರು. ನಾನು ಯಾರು, ಏಕೆ ಬಂದಿದ್ದೇನೆ ಎಂಬುದನ್ನು ಬೆವರುತ್ತ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಅವರು "ಪರವಾಯಿಲ್ಲೆ, ನಿಮ್ಮ ಕನ್ನಡ ಕೇಳೋಕೆ ಚೆನ್ನಾಗಿದೆ. ನನ್ನ ಮೊಮ್ಮಗ ಎಲ್ಲಾ ತಮಿಳ್ಲೇ ಪೇಸ್ತಾನೆ. ಆದ್ರೆ ಮನೇಲಿ ಮುಟ್ಟೆ ಕೂಡ ಬೇಯಿಸ್ಬಾರದು. ಪಾಟ್ಟು ಗೀಟ್ಟೆಲ್ಲ ಸಾಯಂಕಾಲ ಐದರ ಒಳಗೆ ಮುಡಿಸ್ಬಿಡಬೇಕು, ಸರಿಯಾ?" ಎಂದರು. ಮುಟ್ಟೆ ಎಂದರೆ ಮೊಟ್ಟೆ, ಪಾಟ್ಟು ಎಂದರೆ ಹಾಡು. ಗದಗಿನಲ್ಲಿ ನನ್ನ ಹೆಸರು ಕೇಳಿ 'ಮನಿ ಖಾಲಿ ಇಲ್ರಿ' ಎಂದವರಿದ್ದಾರೆ. ಇಲ್ಲಿ ಭಾಷೆ ಕೇಳಿ ಕೀಲಿಕೈ ಕೊಟ್ಟರು. ಮೊಟ್ಟೆಯನ್ನು ಆ ದಿನವೇ ತ್ಯಜಿಸಿದೆವು.

ಬರುವ ಮುಂಚೆ ನಮಗೆ ಹತ್ತು ದಿನದ ತರಬೇತಿಯಾಗಿತ್ತು. ತರಬೇತಿ ಕೊಟ್ಟವರು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ಬಾಣ ಎಳೆದಿದ್ದರು: ಗೆಳೆತನ, ಅಲ್ಲಿಂದ ಸಹಾಯ, ಅಲ್ಲಿಂದ ಸುವಾರ್ತೆ, ಕೊನೆಗೆ ಸಭೆ. ನೋಡಿದರೆ ಎಷ್ಟು ಸುಲಭ. ನಾನು ಅದನ್ನು ಡೈರಿಯಲ್ಲಿ ಬಣ್ಣದ ಪೆನ್ನಿನಿಂದ ಬರೆದುಕೊಂಡಿದ್ದೆ. ಗೆಳೆತನದಿಂದ ಬಾಣ ಹೊರಡುವುದು ಯಾವ ಕಡೆಗೆ, ಅದು ನಾಟುವುದು ಯಾರಿಗೆ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ.

ಮೊದಲ ವರ್ಷ ನಮ್ಮ ಭಾನುವಾರದ ಆರಾಧನೆಗೆ ಬಂದದ್ದು ಮೂರು ಕ್ರೈಸ್ತ ಕುಟುಂಬ. ಕಾರ್ಖಾನೆಯಲ್ಲಿ ಲೇತ್ ನಡೆಸುವ ಒಬ್ಬರದು, ನರ್ಸಮ್ಮ ಒಬ್ಬರದು, ಇನ್ನೊಂದು ಕ್ಯಾಂಟೀನಿನವರದು. ದೊಡ್ಡವರು ಕನ್ನಡದಲ್ಲಿ ಹಾಡುವಾಗ ಮಕ್ಕಳು ಮೊಬೈಲು ನೋಡುತ್ತಿದ್ದವು. ನಾನು ಏನು ಕೇಳಿದರೂ 'ತೆರಿಯಾದು ಅಂಕಲ್', ಗೊತ್ತಿಲ್ಲ ಎನ್ನುತ್ತಿದ್ದವು. ಹಾಗಾಗಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕನ್ನಡ ಓದುಬರಹ ಕಲಿಸುವ ತರಗತಿ ತೆಗೆದೆವು. ಯಾವ ಮತದವರಾದರೂ ಬರಬಹುದು ಎಂದು ಕಾಗದದ ಮೇಲೆ ಬರೆದು, ಕನ್ನಡಿಗರಿರುವ ಬೀದಿಗಳಲ್ಲಿ ಹಂಚಿದೆ. ಮಕ್ಕಳು ಬರಲಿಲ್ಲ. ಅವರ ತಾಯಂದಿರು ಬಂದರು.

ಮೊದಲು ಬಂದವರು ಶಿವಲೀಲಾ. ಹಾವೇರಿ ಕಡೆಯ ಲಿಂಗಾಯತರು. ಗಂಡನಿಗೆ ಕೈಗಾರಿಕಾ ಎಸ್ಟೇಟಿನ ಹತ್ತಿರ ಮೋಟಾರ್ ರಿಪೇರಿಯ ಅಂಗಡಿ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗ. ಬಾಗಿಲಲ್ಲೇ ನಿಂತು ನೇರ ಕೇಳಿದರು:

"ಮಾಸ್ತರ, ನೀವು ಪಾದ್ರಿಗಳಂತ. ನಮ್ಮನ್ನ ಜಾತಿ ಕೆಡಸಾಕ ಬಂದೀರೇನು?"

"ಇಲ್ರಿ, ತಾಯಿ. ಇದು ಕನ್ನಡದ ಮನಿ. ಮಾತಾಡಾಕ ಬರ್ರಿ, ಸಾಕು."

"ಹಂಗಾರ ಸರಿ. ಹದಿನೆಂಟು ವರ್ಷ ಆತು, ಈ ಊರಾಗ ನಾ ಹೊಟ್ಟಿ ತುಂಬ ಮಾತಾಡಿಲ್ಲ. ಮನಿಯವ್ರು ಮೋಟಾರ್ ಜೋಡಿ ಮಾತಾಡ್ತಾರ, ಮಕ್ಕಳು ಇಂಗ್ಲೀಷ್ನಾಗ ಮಾತಾಡ್ತಾವ."

ಅವರ ಹಿಂದೆ ಇನ್ನೂ ಐದಾರು ಹೆಂಗಸರು ಬಂದರು. ಶನಿವಾರ ನಮ್ಮ ಅಡುಗೆಮನೆಯೇ ತರಗತಿಯಾಯಿತು. ಇಲ್ಲಿ ಜೋಳಕ್ಕೆ ಸೋಳಂ ಎನ್ನುತ್ತಾರೆ. ಅಂಗಡಿಯ ಹಿಟ್ಟು ತರಿತರಿ, ರೊಟ್ಟಿ ಬಡಿದರೆ ಭೂಪಟದ ಹಾಗೆ ಸೀಳುತ್ತದೆ. ಆ ಸೀಳಿದ ರೊಟ್ಟಿ ತಿನ್ನುತ್ತ ಅವರು ನಕ್ಕದ್ದು, ಅತ್ತೆಯರನ್ನು ಬೈದದ್ದು, ಸುಗುಣಾಳಿಗೆ 'ಅಕ್ಕಾರ, ನಿಮ್ಮ ಮಾಸ್ತರಿಗೆ ಒಂದಿಷ್ಟು ನಗಾಕ ಕಲಸ್ರಿ' ಎಂದದ್ದು, ಎಲ್ಲವನ್ನೂ ನಾನು ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದೆ. ನನಗೆ ಸಂತೋಷವಾಗುತ್ತಿತ್ತು. ಸಂತೋಷದ ಅಡಿಯಲ್ಲಿ ಬೇರೆಯದೂ ಇತ್ತು, ಸುಳ್ಳು ಹೇಳುವುದಿಲ್ಲ. ಡೈರಿಯ ಮೊದಲ ಚೌಕ ಮುಗಿಯಿತು, ಎರಡನೆಯದು ನಡೆದಿದೆ ಎಂದು ಮನಸ್ಸು ಹೇಳುತ್ತಿತ್ತು.

ಒಂದು ಶನಿವಾರ ಉಳಿದವರು ಹೋದ ಮೇಲೆ ಶಿವಲೀಲಾ ಕೂತೇ ಇದ್ದರು. ಹಿರಿಯ ಮಗಳು ಕಾವ್ಯ ಗಂಡನನ್ನು ಬಿಟ್ಟು ಬಂದು ಇದೇ ಮದ್ರಾಸಿನ ಶೋಳಿಂಗನಲ್ಲೂರಿನ ಹಾಸ್ಟೆಲಿನಲ್ಲಿದ್ದಾಳೆ, ಅಲ್ಲಿಯೇ ಕೆಲಸಕ್ಕೆ ಹೋಗುತ್ತಾಳೆ. ಹಾವೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಕಿರಿಯವಳಿಗೆ ಆ ಕಡೆಯದೇ ಒಂದು ಸಂಬಂಧ ಕೂಡಿಬರುತ್ತಿದೆ, ಅದು ಮುಗಿಯುವ ತನಕ ಬಾಯಿ ಬಿಡುವ ಹಾಗಿಲ್ಲ ಎಂದರು. ಸುಗುಣಾ ಅವರ ಕೈ ಹಿಡಿದುಕೊಂಡು ಕೂತಳು. ನಾನು "ಪ್ರಾರ್ಥನಾ ಮಾಡ್ತೀವಿ" ಎಂದೆ. ಅವರು "ಮಾಡ್ರಿ ಮಾಸ್ತರ, ಯಾವ ದೇವರಾದರೇನು" ಎಂದರು.

ನಮ್ಮಂಥ ಸೇವಕರಿಗೆ ಒಂದು ಕ್ರಮವಿದೆ. ತಿಂಗಳಿಗೊಮ್ಮೆ ಊರಿನ ಸಭೆಗಳಿಗೆ ಪ್ರಾರ್ಥನಾಪತ್ರ ಕಳಿಸಬೇಕು. ಯಾರಿಗಾಗಿ, ಏನಕ್ಕಾಗಿ ಬೇಡಬೇಕು ಎಂದು ತಿಳಿಸಿದರೆ ಅವರು ಅಲ್ಲಿ ಕೂತು ಬೇಡುತ್ತಾರೆ. ಈಗ ಅದು ವಾಟ್ಸಾಪಿನಲ್ಲಿ ಹೋಗುತ್ತದೆ. ನನ್ನ ಹಿಂದಿನ ಪತ್ರಗಳು ಸಪ್ಪೆ ಎಂದು ಸಮಿತಿಯ ಹಿರಿಯರು ದೂರಿದ್ದರು. "ಬರೇ ನಿಮ್ಮ ಪಿತ್ತದ ಸಲುವಾಗಿ ಎಷ್ಟಂತ ಪ್ರಾರ್ಥನಾ ಮಾಡೋದ್ರಿ, ಅಯ್ಯಾರ?" ಆ ತಿಂಗಳು ನಾನು ಹೀಗೆ ಬರೆದೆ: "ಅಂಬತ್ತೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿಯುಳ್ಳ, ಹಾವೇರಿ ಮೂಲದ ಒಂದು ಕುಟುಂಬವಿದೆ. ಹಿರಿಯ ಮಗಳು ಗಂಡನನ್ನು ಬಿಟ್ಟು ಬಂದಿದ್ದಾಳೆ. ತಾಯಿ ನಮ್ಮ ಕೂಟಕ್ಕೆ ತಪ್ಪದೆ ಬರುತ್ತಿದ್ದಾರೆ. ಆ ಇಡೀ ಮನೆ ಕರ್ತನನ್ನು ಅರಿಯುವಂತೆ ಬೇಡಿಕೊಳ್ಳಿರಿ."

ಹೆಸರು ಹಾಕಲಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮೂರು ಸಲ ಮನೆಗೆ ಮರಳುವ ಮನುಷ್ಯ ನಾನು. ಪತ್ರವನ್ನೂ ಮೂರು ಸಲ ಓದಿದೆ. ಹೆಸರಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಹಾವೇರಿಯವರ ಮೋಟಾರ್ ಅಂಗಡಿ ಅಂಬತ್ತೂರಿನಲ್ಲಿ ಒಂದೇ ಒಂದು ಎಂಬುದು ನನ್ನ ಚಿಂತೆಗಳ ಸಾಲಿನಲ್ಲಿ ಬರಲೇ ಇಲ್ಲ. ಜೀವನವಿಡೀ ಚಿಂತೆ ಮಾಡಿ, ಮಾಡಬೇಕಾದ ಒಂದನ್ನು ಬಿಟ್ಟೆ.

ಅಷ್ಟು ಉತ್ತರ ನನ್ನ ಯಾವ ಪತ್ರಕ್ಕೂ ಬಂದಿರಲಿಲ್ಲ. 'ಆಮೆನ್', 'ಬೇಡುತ್ತಿದ್ದೇವೆ', ಕೈಮುಗಿದ ಚಿತ್ರಗಳು. ಹಾವೇರಿಯ ನಮ್ಮ ಸಭೆಯ ಶಿಕ್ಷಕಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ತಮ್ಮ ಶಾಲೆಯ ಗೆಳತಿಗೆ ತೋರಿಸಿದರು. ಆ ಗೆಳತಿ ಶಿವಲೀಲಾ ಅವರ ನಾದಿನಿ.

ಮುಂದಿನ ಶನಿವಾರ ಅವರು ಒಬ್ಬರೇ ಬಂದರು. ಕೂರಲಿಲ್ಲ. ಫೋನು ನನ್ನ ಮುಂದೆ ಹಿಡಿದರು. ನನ್ನದೇ ಪತ್ರ.

"ಇದು ನೀವು ಬರದದ್ದಾ?"

"ಹೌದು. ತಪ್ಪಾತು. ಹೆಸರು ಹಾಕಿದ್ದಿಲ್ಲ…"

"ಸಂಬಂಧ ಮುರದು ಹೋತು, ಮಾಸ್ತರ. ನಾನು ಕಿರಿಸ್ತಾನರಾಕಿ ಆಗೀನಂತ, ಅದಕ್ಕ ಹಿರಿಯಾಕಿ ಗಂಡನ್ನ ಬಿಟ್ಟಾಳಂತ. ಮನಿಯವ್ರು ಮೂರು ದಿನ ಆತು, ನನ್ನ ಜೋಡಿ ಮಾತಾಡಿಲ್ಲ."

"ನಾನು ಹಾವೇರಿಗೆ ಹೋಗಿ ಅವರಿಗೆಲ್ಲ ಹೇಳ್ತೀನ್ರಿ…"

"ಬ್ಯಾಡ್ರಿ! ಪಾದ್ರಿ ಮನಿ ಬಾಗಿಲಿಗೆ ಬಂದಾನ ಅಂದ್ರ ಇನ್ನ ಚೊಲೊ ಆತು." ದನಿ ಇಳಿಸಿ ಹೇಳಿದರು: "ಗುಟ್ಟು ಹೊರಗ ಬಿದ್ದದ್ದು ಒಂದು ಕಡಿ ಇರ್ಲಿ. ಮಾತಾಡಾಕ ಬರ್ರಿ ಅಂದ್ರಿ. ನಾ ಮಾತಾಡಾಕ ಬಂದೆ. ನೀವು ಕೇಳಾಕ ಕೂತಿರಲಿಲ್ಲ, ಕಾಯಾಕ ಕೂತಿದ್ರಿ."

ಅವರು ಹೇಳಿದ್ದು ನಿಜವಾಗಿತ್ತು. ನನ್ನ ಕರ್ತನ ಮೇಲಿನ ನಂಬಿಕೆ ಅಂದೂ ಅಲುಗಲಿಲ್ಲ, ಇಂದೂ ಇದೆ. ಆದರೆ ಬೈಬಲಿನಲ್ಲಿ ಅವನು ಬಾವಿಯ ಬಳಿ ಕೂತು ಒಬ್ಬ ಹೆಂಗಸಿನ ಮಾತು ಕೇಳಿದಾಗ ಯಾವ ಊರಿಗೂ ಪತ್ರ ಬರೆದಿರಲಿಲ್ಲ.

ಅಲ್ಲಿಂದ ಮುಂದೆ ಶನಿವಾರ ಬಾಗಿಲ ಬಳಿ ಚಪ್ಪಲಿ ಕಾಣಲಿಲ್ಲ. ಬೀದಿಯಲ್ಲಿ ಸುದ್ದಿ ಹರಡಿದ ಮೇಲೆ ಮೂರು ಕ್ರೈಸ್ತ ಕುಟುಂಬಗಳೂ ಒಂದೊಂದಾಗಿ ದೇವಸಹಾಯಂ ಅವರ ಸಭೆಗೆ ಹೊರಟವು. 'ಮಕ್ಕಳಿಗೆ ತಮಿಳು ತಿಳೀತದ, ಅಯ್ಯಾರ' ಎಂದರು, ಮುಖ ನೋಡದೆ. ನರಸಿಂಹಾಚಾರ್ ಮಾತ್ರ ಮೆಟ್ಟಿಲಲ್ಲಿ ನಿಲ್ಲಿಸಿ, "ಏನು ಸಾರ್, ಪಾಟ್ಟೇ ಕೇಳೋದಿಲ್ಲ? ನಾನು ಅಷ್ಟು ಸ್ಟ್ರಿಕ್ಟಾಗಿ ಹೇಳ್ಲಿಲ್ಲವಲ್ಲ" ಎಂದು ನೊಂದುಕೊಂಡರು. ದೇವಸಹಾಯಂ ಬೆನ್ನು ತಟ್ಟಿ, "ಕವಲೈ ಪಡಾದೀಂಗ, ಪಾಸ್ಟರ್" ಎಂದರು. ಚಿಂತಿಸಬೇಡಿ ಎಂದು ನನಗೆ ಹೇಳುವುದು ಮೀನಿಗೆ ಈಜಬೇಡ ಎಂದ ಹಾಗೆ. ಈಗ ಅವರ ಸಭೆಯಲ್ಲಿ ತಿಂಗಳಿಗೊಂದು ಭಾನುವಾರ ತಮಿಳಿನಲ್ಲಿ ಬೈಬಲಿನ ಪಾಠ ಓದುತ್ತೇನೆ. ನನ್ನ ಉಚ್ಚಾರಣೆಗೆ ಮಕ್ಕಳು ನಗುತ್ತವೆ, ಕನ್ನಡಿಗರ ಮಕ್ಕಳು ಎಲ್ಲರಿಗಿಂತ ಜೋರಾಗಿ.

ನಾಲ್ಕು ತಿಂಗಳ ಮೇಲೆ ತರಕಾರಿ ಅಂಗಡಿಯಲ್ಲಿ ಶಿವಲೀಲಾ ಎದುರಾದರು. ನಾನು ಚೀಲ ಹಿಡಿದು ಸುಗುಣಾಳ ಹಿಂದೆ ನಿಂತಿದ್ದೆ. "ಆರಾಮ ಅದೀರೇನ್ರಿ?" ಎಂದೆ.

"ನಲ್ಲಾ ಇರುಕ್ಕೇನ್, ಸಾರ್" ಎಂದರು. ತಮಿಳಿನಲ್ಲಿ. ಬಲು ಮರ್ಯಾದೆಯಿಂದ, ಅಂಗಡಿಯವನ ಜೊತೆ ಮಾತಾಡುವ ಹಾಗೆ. ಆಮೇಲೆ ಸುಗುಣಾಳ ಕಡೆ ತಿರುಗಿ, "ಅಕ್ಕಾರ, ಎಷ್ಟು ಬಡವಾಗೀರಿ! ಶನಿವಾರ ಮನಿಗೆ ಬರ್ರಿ. ಕಾವ್ಯಾನೂ ಬರ್ತಾಳ" ಎಂದರು.

ಅಂದಿನಿಂದ ಸುಗುಣಾ ಪ್ರತಿ ಶನಿವಾರ ಹೋಗುತ್ತಾಳೆ. ಉಳಿದ ಹೆಂಗಸರೂ ಅಲ್ಲಿಗೇ ಬರುತ್ತಾರಂತೆ. ಬಾಣವಿಲ್ಲ, ಚೌಕವಿಲ್ಲ, ನಾನಿಲ್ಲ. ಮೊದಮೊದಲು ತಿರುಗಿ ಬಂದವಳನ್ನು ಏನು ಮಾತಾಡಿದಿರಿ ಎಂದು ಕೇಳುತ್ತಿದ್ದೆ.

"ಹೆಂಗಸರ ಮಾತು. ಯಾಕ, ಪತ್ರ ಬರೀಬೇಕೇನು?" ಎನ್ನುತ್ತಿದ್ದಳು. ಈಗ ಕೇಳುವುದಿಲ್ಲ.

ಪತ್ರಗಳನ್ನೇನೋ ಬರೆಯುತ್ತೇನೆ. ಸೆಕೆ ಹೆಚ್ಚಿದೆ, ಬೇಡಿಕೊಳ್ಳಿರಿ. ನೀರಿನ ಲಾರಿ ಬರಲಿಲ್ಲ, ಬೇಡಿಕೊಳ್ಳಿರಿ. ಸಮಿತಿಗೆ ಬೇಸರ ಬಂತು. ಕಳೆದ ವಾರ ಹಿರಿಯರು ಫೋನು ಮಾಡಿ, "ಅಯ್ಯಾರ, ಅಲ್ಲಿ ಏನೂ ಆಗವಲ್ದು. ಬಂದುಬಿಡ್ರಿ, ಬೆಟಗೇರಿಯೊಳಗ ಜಾಗ ಖಾಲಿ ಐತಿ" ಎಂದರು. ರಜೆಗೆ ಹೋದಾಗ ಅಲ್ಲಿ ನನ್ನನ್ನು 'ಮದ್ರಾಸಿನ ಅಯ್ಯಾರು' ಎಂದು ಕರೆದು ಬೆಂಚಿನಲ್ಲಿ ಅತಿಥಿಯ ಜಾಗ ಕೊಟ್ಟದ್ದು ನೆನಪಾಯಿತು. ಇಲ್ಲಿ ಇನ್ನೂ 'ಕರ್ನಾಟಕಾ ಪಾಸ್ಟರ್'. ಎರಡೂ ಕಡೆ ನಾನು ಬೇರೆ ಎಲ್ಲಿಂದಲೋ ಬಂದವನು. ಆದರೂ ಎದೆ ಹಗುರಾಯಿತು. ಹಾರ್ಮೋನಿಯಂ, ಕೆಮ್ಮುವ ಹಿರಿಯರು, ಒಂದು ಮೊಟ್ಟೆ.

ಸುಗುಣಾ ಬೀರುವಿನಿಂದ ಹೊಸ ಸೀರೆ ತೆಗೆಯುತ್ತಿದ್ದಳು. "ಕರದಾರ. ಹೋಗೂಣೇನು?" ಎಂದೆ.

ಅವಳು ಸೀರೆಯ ಮಡಿಕೆ ಬಿಡಿಸಿ, ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

"ನೀವು ಹೋಗಿ ಬರ್ರಿ" ಎಂದಳು. "ನನಗ ಶನಿವಾರ ಕೆಲಸ ಐತಿ."