ಹಾಲೇಶನ ಸೈಕಲ್ಲಿಗೆ ಬ್ರೇಕ್ ಹಿಡಿಯದ ಮಳೆಗಾಲ

ಎರಡು ವರ್ಷದ ಹಿಂದಿನ ಮುಂಗಾರು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾನು ಸೈಕಲ್ ಅಂಗಡಿ ತೆರೆದು ಆಗಲೇ ಮೂವತ್ತು ವರ್ಷ ಸಮೀಪಿಸಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು ಪಂಕ್ಚರ್ ಹಾಕುತ್ತಾ ಕೂತನಲ್ಲ ಎಂದು ಕನಿಕರಪಟ್ಟವರೇ ಈಗ ಮೊಮ್ಮಕ್ಕಳ ಗೇರ್ ಸೈಕಲ್ ತಂದು ನನ್ನ ಮುಂದೆ ನಿಲ್ಲಿಸುತ್ತಾರೆ. ಅದಿರಲಿ. ಸಿಟ್ಟು ತರಿಸಿದ ಗಿರಾಕಿಗಳು ನನಗೆ ಕಡಿಮೆಯೇನಿಲ್ಲ. ಆದರೆ ಒಂದೇ ಸೈಕಲ್ಲಿನ ಒಂದೇ ಬ್ರೇಕು ಇಡೀ ಮಳೆಗಾಲ ನನ್ನ ತಲೆ ತಿಂದದ್ದು ಅದೊಂದೇ ಸಲ.

ಸೈಕಲ್ಲಿನ ಯಜಮಾನ ಹಾಲೇಶ. ವಯಸ್ಸು ನಲವತ್ತೈದರ ಆಸುಪಾಸು, ಮನೆ ದೇವರಾಜ ಅರಸು ಬಡಾವಣೆಯಲ್ಲಿ, ಕೆಲಸ ಹರಿಹರದ ಒಂದು ಕಾರ್ಖಾನೆಯಲ್ಲಿ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೆವರು ಹರಿಸು ಎಂದರಂತೆ. ಇವನು ಬೈಕು ಬಿಟ್ಟು, ಡಿಸ್ಕ್ ಬ್ರೇಕಿನ ಹೊಸ ಸೈಕಲ್ ಕೊಂಡು, ದಿನಾ ಹರಿಹರಕ್ಕೆ ತುಳಿದುಕೊಂಡು ಹೋಗಿ ಬರತೊಡಗಿದ. ನಾಲ್ಕು ತಿಂಗಳಲ್ಲಿ ಸಕ್ಕರೆಯೂ ಇಳಿಯಿತು, ಹೊಟ್ಟೆಯೂ ಇಳಿಯಿತು. ಒಳ್ಳೆಯ ಮನುಷ್ಯ, ಒಳ್ಳೆಯ ಕೆಲಸ. ತಕರಾರು ಶುರುವಾದದ್ದು ಮಳೆ ಶುರುವಾದ ಮೇಲೆ.

"ರುದ್ರಣ್ಣಾರ, ಮುಂದಿನ ಬ್ರೇಕ್ ಹಿಡೀವಲ್ದು. ಅಂಡರ್‌ಪಾಸ್ ಇಳಿಬೇಕಾದ್ರೆ ಜೀವ ಬಾಯಿಗೆ ಬಂದಿತ್ತು. ಮಳೆ, ಬಿಸ್ಲು ಎಲ್ಡಕ್ಕೂ ಆಗೋವಂಥ ಪ್ಯಾಡ್ ಹಾಕ್ರಿ," ಎಂದ.

ಕೇಳಿದ್ದು ಸರಿಯಾದ ಪ್ರಶ್ನೆಯೇ. ಹಳೆಯ ಸೈಕಲ್ಲುಗಳಲ್ಲಿ ಎರಡು ರಬ್ಬರ್ ತುಂಡುಗಳು ಚಕ್ರದ ರಿಮ್ಮನ್ನೇ ಅಮುಕಿ ಹಿಡಿಯುತ್ತವೆ. ರಿಮ್ ಉಕ್ಕಿನದಾಗಿದ್ದು ಮಳೆಯಲ್ಲಿ ನೆನೆದರೆ ಆ ಹಿಡಿತವನ್ನು ನಂಬುವ ಹಾಗಿಲ್ಲ. ಡಿಸ್ಕ್ ಬ್ರೇಕಿನಲ್ಲಿ ಚಕ್ರದ ನಡುವೆ ತೂತು ತೂತಿನ ಉಕ್ಕಿನ ತಟ್ಟೆಯೊಂದಿರುತ್ತದೆ. ಎರಡು ಸಣ್ಣ ಪ್ಯಾಡುಗಳು ಅದನ್ನು ಕಚ್ಚಿ ಹಿಡಿಯುತ್ತವೆ. ತಟ್ಟೆ ನೆಲದಿಂದ ಮೇಲಿರುವುದರಿಂದ ಕೆಸರು ನೀರಿನ ಕಾಟ ಕಡಿಮೆ. ಪ್ಯಾಡುಗಳಲ್ಲೂ ಬಗೆಗಳಿವೆ. ರೆಸಿನ್, ಅಂದರೆ ರಾಳದ ಪ್ಯಾಡು ಸದ್ದಿಲ್ಲದೆ ಮೃದುವಾಗಿ ಹಿಡಿಯುತ್ತದೆ, ಆದರೆ ಮಳೆಯ ಕೆಸರಿನಲ್ಲಿ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡು ಕಿರುಚುತ್ತದೆ, ಆದರೆ ಮಳೆಗೆ ಜಗ್ಗುವುದಿಲ್ಲ. ಎರಡರ ನಡುವಿನದು ಸೆಮಿ ಮೆಟಲ್. ವರ್ಷವಿಡೀ ಓಡಿಸುವವರಿಗೆ ನಾನು ಕೊಡುವುದು ಇದನ್ನೇ. ನೀಲಿ ಡಬ್ಬಿಯಲ್ಲಿ ಬರುತ್ತದೆ, ಇಷ್ಟು ವರ್ಷದಲ್ಲಿ ಅದು ನನ್ನ ಮಾನ ಕಳೆದಿಲ್ಲ.

ಹಾಲೇಶನ ಸೈಕಲ್ಲಿನ ತಟ್ಟೆ ರೆಸಿನ್ ಪ್ಯಾಡಿಗಷ್ಟೇ ಮಾಡಿದ್ದು. ಅದರ ಮೇಲೆ ಲೋಹ ಉಜ್ಜಿದರೆ ತಟ್ಟೆಯೇ ಸವೆದುಹೋಗುತ್ತದೆ. ಹಾಗಾಗಿ ತಟ್ಟೆಯನ್ನೂ ಬದಲಿಸಿ, ನೀಲಿ ಡಬ್ಬಿಯ ಪ್ಯಾಡು ಹಾಕಿ ಕಳಿಸಿದೆ. ಮೂರು ವಾರ ಸುದ್ದಿಯಿಲ್ಲ. ಆಮೇಲೆ ಒಂದು ದಿನ ಮೊಣಕೈ ತರಚಿಕೊಂಡು ಅಂಗಡಿ ಮುಂದೆ ನಿಂತ.

ಪ್ಯಾಡು ಬಿಚ್ಚಿ ನೋಡಿದೆ. ಮೇಲ್ಮೈ ಕನ್ನಡಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಪ್ಯಾಡು ಎಣ್ಣೆ ಕುಡಿದಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಒಮ್ಮೆ ಎಣ್ಣೆ ಕುಡಿದ ಪ್ಯಾಡು ಕೆಲಸಕ್ಕೆ ಬರುವುದಿಲ್ಲ, ಎಸೆಯಬೇಕು ಅಷ್ಟೇ. ಅವನದು ತಂತಿ ಎಳೆಯುವ ಬ್ರೇಕು, ಒಳಗೆ ಎಣ್ಣೆಯೇ ಇಲ್ಲ. ಅಂದ ಮೇಲೆ ಹೊರಗಿನಿಂದಲೇ ಬಿದ್ದಿರಬೇಕು.

"ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿಗೂ ಬಿಟ್ಟೀರಿ," ಎಂದೆ.

"ದೇವ್ರಾಣೆ, ಒಂದು ಹನಿ ಎಣ್ಣೆ ಮುಟ್ಟಿಲ್ರಿ. ಚೈನಿಗೂ ನೀವಾ ಬಿಟ್ಟಿದ್ದು," ಎಂದ.

ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಗಿರಾಕಿಗಳು ಸುಳ್ಳು ಹೇಳುವುದು ನನಗೆ ಹೊಸದಲ್ಲ. ಚಕ್ರವನ್ನು ಹಪ್ಪಳದಂತೆ ಸೊಟ್ಟ ಮಾಡಿಕೊಂಡು ಬಂದು "ಸುಮ್ನೆ ನಿಲ್ಸಿದ್ದೆ, ತಾನಾಗೇ ಆತು" ಎನ್ನುವವರನ್ನು ದಿನಾ ನೋಡುತ್ತೇನೆ. ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನೀಲಿ ಡಬ್ಬಿಯಿಂದಲೇ ಇನ್ನೊಂದು ಜೊತೆ ಹಾಕಿ ಕಳಿಸಿದೆ.

ಮತ್ತೆ ಕೆಲವು ವಾರ ಶಾಂತಿ. ಆಮೇಲೆ ಮತ್ತೆ ಬಂದ. ಈ ಸಲ ಹರಿಹರದಲ್ಲಿ ಬಸ್ಸಿನ ಹಿಂದೆ ಹೋಗುವಾಗ ಬಸ್ಸು ನಿಂತಿತು, ಇವನು ನಿಲ್ಲಲಿಲ್ಲ. ಪಕ್ಕಕ್ಕೆ ಎಳೆದುಕೊಂಡು ಬಿದ್ದ ಕಡೆ ಮರಳಿನ ಗುಡ್ಡೆ ಇದ್ದದ್ದರಿಂದ ಬದುಕಿದ. ಹಣೆಗೆ ಪಟ್ಟಿ ಹಾಕಿಕೊಂಡು ಬಂದವನು, ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ಬಾಯಿಗೆ ಬಂದದ್ದು ಅಂದ.

"ಡೂಪ್ಲಿಕೇಟ್ ಮಾಲು ಹಾಕಿ ಜನ್ರನ್ನ ಸಾಯಿಸ್ತೀರೇನ್ರಿ? ಇಷ್ಟು ವರ್ಷದ ಅಂಗಡಿ ಅಂತ ನಂಬಿ ಬಂದ್ರೆ ಹಿಂಗಾ?"

ನನಗೂ ತಡೆಯಲಾಗಲಿಲ್ಲ. "ಎಣ್ಣೆ ಸುರ್ಕಂಡು ಬಂದು ತಪ್ಪು ಪ್ಯಾಡಿನ ಮ್ಯಾಲೆ ಹಾಕ್ಬ್ಯಾಡ್ರಿ. ನೋಡ್ರಿ ಇದು ಹೆಂಗೆ ಮಿಂಚತೈತೆ!" ಎಂದು ಪ್ಯಾಡನ್ನು ಅವನ ಮೂಗಿನ ಮುಂದೆ ಹಿಡಿದೆ. ಅವನು ಆಣೆ ಹಾಕಿದ, ನಾನೂ ಆಣೆ ಹಾಕಿದೆ. ಗಿರಾಕಿಗಳು ಪುಕ್ಕಟೆ ನಾಟಕ ನೋಡಿದರು.

ಸಿಟ್ಟು ಇಳಿದ ಮೇಲೆ ಭಯವಾಯಿತು. ಮಾಲು ಅಸಲಿಯೇ, ಕೆಲಸವೂ ಸರಿಯೇ. ಆದರೂ ಮುಂದಿನ ಸಲ ಮರಳಿನ ಗುಡ್ಡೆ ಇರುತ್ತದೆಂದು ಹೇಳುವವರಾರು? ಈ ಮನುಷ್ಯ ಒಂದು ದಿನ ಬಸ್ಸಿನ ಕೆಳಗೇ ಹೋಗುತ್ತಾನೆ, ಅವನ ಬ್ರೇಕಿಗೆ ಕೈ ಹಾಕಿದವನು ನಾನು. ಅಂಗಡಿಯ ಹೊಸ್ತಿಲ ಮೇಲೆ ಕೂತು ಯೋಚಿಸುತ್ತಿದ್ದಾಗ ಕಾಲ ಬಳಿ ಹಿಂದಿನ ದಿನ ಒಡೆದ ನಿಂಬೆಹಣ್ಣಿನ ಹೋಳುಗಳು ಕಂಡವು. ಅಮಾವಾಸ್ಯೆಯ ಪೂಜೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಅಂಗಡಿ, ಲಾರಿ, ಟ್ರ್ಯಾಕ್ಟರು, ಹೊಲಿಗೆ ಯಂತ್ರ, ಎಲ್ಲಕ್ಕೂ ಪೂಜೆ ಆಗಲೇಬೇಕು. ಹೋದ ಸಲ ಹಾಲೇಶ ಮೊಣಕೈ ತರಚಿಕೊಂಡು ಬಂದಾಗಲೂ ಹೊಸ್ತಿಲ ಮೇಲೆ ನಿಂಬೆಹೋಳು ಇತ್ತು. ಅವನ ಹ್ಯಾಂಡಲ್ಲಿಗೆ ಬಾಡಿದ ಹೂವೂ ಇತ್ತು.

ಮತ್ತೊಂದು ಜೊತೆ ಪ್ಯಾಡು ಹಾಕಿಕೊಟ್ಟೆ, ಪೂಜೆಯ ಮೇಲಿನ ಗುಮಾನಿಯನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡೆ. ಮುಂದಿನ ಅಮಾವಾಸ್ಯೆಯ ಬೆಳಗ್ಗೆ ಅಂಗಡಿ ತೆರೆಯದೆ ನೇರ ಅವನ ಮನೆಗೆ ಹೋದೆ.

ಹಾಲೇಶ ಬಚ್ಚಲಲ್ಲಿದ್ದ. ಅಂಗಳದಲ್ಲಿ ತೊಳೆದು ನಿಲ್ಲಿಸಿದ ಸೈಕಲ್ಲಿನ ಮುಂದೆ ಅವನ ತಾಯಿ ಗೌರಮ್ಮ ಕುಕ್ಕರಗಾಲಲ್ಲಿ ಕೂತಿದ್ದರು. ಹಳ್ಳಿಯಲ್ಲಿ ಹೊಲ ಮನೆ ನೋಡಿಕೊಂಡಿದ್ದು, ಮಗನ ಜೊತೆ ಪಟ್ಟಣಕ್ಕೆ ಬಂದ ಹೆಂಗಸು. ಕೈಯಲ್ಲೊಂದು ಬಟ್ಟಲು. ಬೆರಳನ್ನು ಅದರಲ್ಲಿ ಅದ್ದಿ, ಮುಂದಿನ ಚಕ್ರದ ತಟ್ಟೆಯ ಒಂದೊಂದು ತೂತಿನ ಪಕ್ಕಕ್ಕೂ ಒಂದೊಂದು ಬೊಟ್ಟು ಇಡುತ್ತಿದ್ದರು. ಎಷ್ಟು ಶ್ರದ್ಧೆ, ಎಷ್ಟು ಅಂದ! ನಾನು ಗೇಟು ಹಿಡಿದು ನಿಂತುಬಿಟ್ಟೆ.

"ಏನಮ್ಮಾ ಅದು?"

"ಕುಂಕುಮಪ್ಪ. ಒಣಾ ಹಚ್ಚಿದ್ರೆ ಮಳೆಗೆ ತೊಳ್ಕಂಡು ಹೋಗ್ತೈತೆ. ಅದ್ಕಾ ಕೊಬ್ರಿ ಎಣ್ಣ್ಯಾಗೆ ಕಲಸೀನಿ. ಹರಿಹರ ಮುಟ್ಟೋತನ್ಕ ನಿಲ್ತೈತೆ."

ಮಳೆ ಬಿಸಿಲು ಎರಡಕ್ಕೂ ಆಗುವಂಥದ್ದನ್ನು ಆ ಮನೆಯಲ್ಲಿ ನನಗಿಂತ ಮೊದಲೇ ಕಂಡುಹಿಡಿದಿದ್ದರು.

"ಅಲ್ರಮ್ಮಾ, ಡಿಸ್ಕಿಗಾ ಯಾಕ ಹಚ್ತೀರಿ?"

"ಗಾಡಿ ನಿಲ್ಸೋದು ಅದಾ ಅಂತ ಮಗ ಹೇಳ್ಯಾನಲ್ಲ. ಮೊದ್ಲು ಒಂದಾ ಬೊಟ್ಟು ಇಡ್ತಿದ್ದೆ. ಅವ ಬಿದ್ದು ಬಂದ ಮ್ಯಾಲೆ ಎದಿ ನಡುಗಿಬಿಡ್ತು ನೋಡಪ್ಪ. ಈಗ ಸುತ್ಲೂ ಇಡ್ತೀನಿ."

ಅಷ್ಟರಲ್ಲಿ ಹಾಲೇಶ ತಲೆ ಒರೆಸುತ್ತಾ ಹೊರಗೆ ಬಂದ. ತಟ್ಟೆಯ ಮೇಲೆ ಬೆರಳಾಡಿಸಿ ಎಣ್ಣೆಯನ್ನು ಅವನಿಗೆ ತೋರಿಸಿದೆ.

"ಅದು ಎಣ್ಣೆ ಅಲ್ರಿ," ಎಂದ. "ಪೂಜೆ!"

ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮನುಷ್ಯ ಸುಳ್ಳು ಹೇಳಿರಲಿಲ್ಲ. ಅವನ ಮನೆಯಲ್ಲಿ ಯಾರೂ ಸೈಕಲ್ಲಿಗೆ ಎಣ್ಣೆ ಹಚ್ಚಿರಲೇ ಇಲ್ಲ, ಪೂಜೆ ಮಾಡಿದ್ದರು. ಬ್ರೇಕು ಹಿಡಿಯದಷ್ಟೂ ತಾಯಿಗೆ ಭಯ, ಭಯ ಹೆಚ್ಚಿದಷ್ಟೂ ಬೊಟ್ಟು, ಬೊಟ್ಟು ಹೆಚ್ಚಿದಷ್ಟೂ ಬ್ರೇಕು ಹಿಡಿಯದು. ಮಳೆಗಾಲ ಮುಗಿಯುವವರೆಗೆ ಹೀಗೇ ನಡೆದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಳ್ಳಲೂ ಆಗಲಿಲ್ಲ.

ತಿಂಗಳುಗಟ್ಟಲೆ ತಡೆದಿಟ್ಟ ಸಿಟ್ಟೆಲ್ಲ ಒಟ್ಟಿಗೆ ಬಂತು. "ಎಣ್ಣೆ ಕೈಯಾಗ ಬಾವಿ ಹಗ್ಗ ಹಿಡೀತೀರೇನ್ರಮ್ಮಾ? ನಿಲ್ತೈತೇನು ಕೊಡ?" ಎಂದುಬಿಟ್ಟೆ.

ಗೌರಮ್ಮನಿಗೆ ಎರಡನೇ ಮಾತು ಬೇಕಾಗಲಿಲ್ಲ. ಬಟ್ಟಲನ್ನು ಕೆಳಗಿಟ್ಟು ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಮಗನ ಹಣೆಯ ಮೇಲಿನ ಗಾಯದ ಗುರುತು ನೋಡಿದರು.

"ಹಂಗಾದ್ರೆ ನನ್ನ ಮಗನ್ನ ನಾನಾ ಬೀಳ್ಸಿದೆನೇನಪ್ಪ?"

ಹೌದು ಎನ್ನಬೇಕೆಂದೇ ನಾನು ಅಲ್ಲಿಗೆ ಹೋಗಿದ್ದು. ನನ್ನ ಮಾಲು ಅಸಲಿ, ನನ್ನ ಕೆಲಸ ಸರಿ ಎಂದು ಹಾಲೇಶನ ಬಾಯಿಂದಲೇ ಹೊರಡಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆ ಮುದುಕಿಯ ಮುಖ ನೋಡಿದ ಮೇಲೆ ಬಾಯಿಂದ ಬಂದದ್ದೇ ಬೇರೆ.

"ಏ, ಇಲ್ರಮ್ಮಾ. ಬೊಟ್ಟಿಗೆಲ್ಲ ಬ್ರೇಕ್ ಹೋಗಲ್ಲ. ನಾನು ಹಾಕಿದ ಪ್ಯಾಡಾ ಸರಿ ಇರ್ಲಿಲ್ಲ. ಇವತ್ತು ಬ್ಯಾರೆ ತಂದೀನಿ. ಇದಕ್ಕೆ ಮಾತ್ರ ಎಣ್ಣೆ ಆಗಿಬರಲ್ಲ. ಬೊಟ್ಟನ್ನ ಬೆಲ್ಲಿಗೆ ಇಡ್ರಿ, ಹ್ಯಾಂಡಲ್ಲಿಗೆ ಇಡ್ರಿ."

"ನೋಡಿದ್ಯಾ, ನಾನು ಹೆದ್ರೇಬಿಟ್ಟಿದ್ದೆ," ಎಂದು ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಚಹ ಇಡಲು ಒಳಗೆ ಹೋದರು. ಹಾಲೇಶ ನನ್ನ ಮುಖ ನೋಡಲಾರದೆ ಟವೆಲ್ಲನ್ನು ಮಡಚುತ್ತಾ, ಬಿಚ್ಚುತ್ತಾ, ಮತ್ತೆ ಮಡಚುತ್ತಾ ನಿಂತ. ನಾನು ಚೀಲದಿಂದ ತೆಗೆದದ್ದು ಅದೇ ನೀಲಿ ಡಬ್ಬಿ.

ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ತೊಳೆದು ಹೊಸ ಪ್ಯಾಡು ಕೂಡಿಸಿದೆ. ಹೊಸ ಪ್ಯಾಡನ್ನು ಹಾಕಿದ ಕೂಡಲೇ ನಂಬಬಾರದು. ವೇಗವಾಗಿ ಹೋಗಿ, ಬ್ರೇಕು ಒತ್ತಿ ನಿಧಾನ ಮಾಡಿ, ಮತ್ತೆ ವೇಗ ಹಿಡಿದು, ಹೀಗೆ ಹತ್ತಿಪ್ಪತ್ತು ಸಲ ಪಳಗಿಸಿದರೆ ಪ್ಯಾಡು ತಟ್ಟೆಗೆ ಹೊಂದಿಕೊಳ್ಳುತ್ತದೆ. ಅವರ ಬೀದಿಯಲ್ಲೇ ನಾನು ಈ ವಯಸ್ಸಿನಲ್ಲಿ ಹೋಗಿ ಬಂದು ಮಾಡಿದೆ. ಕೊನೆಗೆ ಒಂದು ತಂಬಿಗೆ ನೀರನ್ನು ತಟ್ಟೆಯ ಮೇಲೆ ಸುರಿದು ಮತ್ತೆ ಓಡಿಸಿ ಬ್ರೇಕು ಒತ್ತಿದೆ. ಸೈಕಲ್ಲು ಗಕ್ಕನೆ ನಿಂತಿತು. ಆಮೇಲೆ ಹಾಲೇಶ ಒಮ್ಮೆಯೂ ಬಿದ್ದಿಲ್ಲ, ಈಗಲೂ ಹರಿಹರಕ್ಕೆ ತುಳಿಯುತ್ತಾನೆ. ಪ್ರತಿ ಅಮಾವಾಸ್ಯೆಗೂ ಅವನ ಬೆಲ್ಲು ಎಣ್ಣೆ ಕುಂಕುಮದಲ್ಲಿ ಮಿಂದು ಸದ್ದೇ ಮಾಡುವುದಿಲ್ಲ. ಬೆಲ್ಲು ಹಾಳಾಗಿ ಹೋಗಲಿ.

ಆ ಮಳೆಗಾಲ ನನಗೆ ಕಲಿಸಿದ್ದು ಇಷ್ಟು. ಯಾವ ಪ್ಯಾಡು ಒಳ್ಳೆಯದು ಎನ್ನುವುದು ನಂತರದ ಮಾತು. ಸೈಕಲ್ಲು ಯಾರ ಕೈಯಲ್ಲಿ ಉಳಿಯುತ್ತದೆ, ಆ ಕೈ ಅದಕ್ಕೆ ಪ್ರೀತಿಯಿಂದ ಏನು ಮಾಡುತ್ತದೆ ಎನ್ನುವುದನ್ನು ಮೊದಲು ಕೇಳಬೇಕು. ಎಣ್ಣೆ ಹಚ್ಚುತ್ತೀರಾ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಅದಕ್ಕೇ ಈಗ "ಪೂಜೆ ಯಾರು ಮಾಡ್ತಾರ, ಹೆಂಗೆ ಮಾಡ್ತಾರ?" ಎಂದು ಕೇಳುತ್ತೇನೆ. ಹೊಸ ಗಿರಾಕಿಗಳು ಇವನಿಗೇನು ತಲೆ ಕೆಟ್ಟಿದೆಯೇ ಎನ್ನುವಂತೆ ನೋಡುತ್ತಾರೆ.

ಹೋದ ತಿಂಗಳು ದೇವರಾಜ ಅರಸು ಬಡಾವಣೆಯಿಂದ ಒಬ್ಬ ಹೆಣ್ಣುಮಗಳು ಮಗಳ ಸೈಕಲ್ ತಂದಿದ್ದರು. ನಾನು ನೀಲಿ ಡಬ್ಬಿಗೆ ಕೈ ಹಾಕುತ್ತಿದ್ದಂತೆ ತಡೆದರು.

"ಅದು ಬ್ಯಾಡ್ರಿ ಅಣ್ಣಾ. ಹಿಟ್ಟಿನ ಗಿರಣ್ಯಾಗೆ ಗೌರಮ್ಮಾರು ಎಲ್ಲಾ ಹೇಳ್ಯಾರ. ನೀವು ಮೊದ್ಲು ಹಾಕೋ ಪ್ಯಾಡು ಸರಿ ಇರಲ್ಲಂತೆ. ಅವ್ರ ಮಗಂಗೆ ಕೊನೀಗೆ ಹಾಕಿದ್ರಂತಲ್ಲ, ಅದನ್ನಾ ಹಾಕ್ರಿ."

ಹಲ್ಲು ಕಚ್ಚಿಕೊಂಡೆ. ಡಬ್ಬಿಯನ್ನು ಹಿಡಿದು ಒಳಕೋಣೆಗೆ ಹೋಗಿ, ಒಂದು ನಿಮಿಷ ಸುಮ್ಮನೆ ನಿಂತು, ಅದನ್ನೇ ಹಿಡಿದುಕೊಂಡು ಹೊರಗೆ ಬಂದೆ.

"ತಗೋರಿ ತಾಯಿ," ಎಂದೆ. "ಇದಾ ಅದು."